ಜೀಪ ಹೋತೇನಣ್ಣಾ?

ನಮ್ಮ ಬಾಜೂ ಮನಿ ಮಲ್ಲೇಶಗ ಆದದ್ದಿದು. ಅಂವ ಸುಳ್ಳ ಹೇಳೋ ಪೈಕಿ ಅಲ್ರಿ.

ಮಕ್ಕಳನ್ನ ದುಡಿಸೋರನ್ನ ಹಿಡಿಯಾಕ ಒಬ್ಬ ಸಾಹೇಬ ಇದ್ದ. ಅವನ ಜೀಪ ಹೊಡೀತಿದ್ದ ಮಲ್ಲೇಶ. ಹ್ವಾದ ಚಳಿಗಾಲದಾಗ ಒಂದಿನ ಗೋಕಾಕದಿಂದ ಕಡೇ ಬಸ್ಸಿಗೆ ಬಂದು ನಮ್ಮೂರು ಅಂಕಲಗಿಗೆ ಇಳದ. ಇಟ್ಟಂಗಿ ಭಟ್ಟಿ ಬಾಜೂಕಿನ ಹಾಳಬಾವಿ ದಾಟಬೇಕು, ಆಗ ಒಳಗ ಸಪ್ಪಳಾತು. ಪಚಕ್... ಪಚಕ್... ಹಸಿ ಕಾಲು ಮೆಟ್ಟಲಾ ಏರೋ ಸಪ್ಪಳ.

"ಅಣ್ಣಾ... ಜೀಪ ಹೋತೇನು?"

ಮಲ್ಲೇಶ ಬಾವಿ ಕಡೆ ಹೊಳ್ಳಿ ನೋಡಿದ. ದನಿ ದೀಪಾಂದು. ಭಟ್ಟಿಯಾಗ ದುಡಿಯೋ ಸತ್ತೆವ್ವ ಅನ್ನಾಕಿಯ ಮಗಳು, ಒಂಬತ್ತ ವರ್ಷದಾಕಿ. ಆ ಹುಡುಗಿ ಸತ್ತು ಮೂರ ತಿಂಗಳಾಗಿತ್ತು.

ಹೆಂಗ ಸತ್ಲು? ಹೇಳ್ತೀನಿ ಕೇಳ್ರಿ. ಜೀಪ ಬರೂಕಿಂತ ಮೊದಲ ಭಟ್ಟಿ ಮಾಲಕಗ ಫೋನ್ ಹೋಗತಿತ್ತು. ಮಾಡಾಂವ ಮಲ್ಲೇಶ, ಮಾಡಸಾಂವ ಸಾಹೇಬ. ಮಾಲಕ ಇಲೆಕ್ಷನ್ ಗೆದ್ದಾಂವ, ಸಾಹೇಬನ್ನ ಬ್ಯಾರೆ ಊರಿಗೆ ಬದಲಿ ಮಾಡಸೂದು ಅವನ ಕೈಯಾಗ. ಫೋನ್ ಬಂತಂದ್ರ ಮಕ್ಕಳನ್ನ ಆ ಹಾಳಬಾವಿ ಮೆಟ್ಟಲ ಮ್ಯಾಲ ಬಚ್ಚಿಡತಿದ್ರು. ಅವತ್ತ ದೀಪಾ ಜಾರಿ ನೀರಾಗ ಬಿದ್ದು ಸತ್ಲು. ಸರಕಾರಿ ಕಾಗದದಾಗ ಏನ ಬರದ್ರು ಗೊತ್ತೈತೇನ್ರಿ? ಆಟಾ ಆಡಾಕ ಹೋಗಿ ಬಿದ್ಲಂತ. ಗಂಡಾ ಹೆಂಡತಿ ಇಬ್ರೂ ದುಡದ್ರೂ ಹೊಟ್ಟಿಗೆ ಸಾಲದಂಗ ಪಗಾರ ಕೊಡಾವ್ರು, ಸಾಲಿಗೆ ಒಬ್ಬ ಮಾಸ್ತರನ್ನೂ ಕಳಸಲಾರದಾವ್ರು, ಅವ್ರ ಬಾಯಾಗ ಆಟಾ ಅನ್ನೋ ಮಾತು!

ಮಲ್ಲೇಶ ಪಿಸಪಿಸ ಅಂದ. "ಹೋತವ್ವಾ... ಮ್ಯಾಲ ಬಾ."

ಪಚಕ್... ಸಪ್ಪಳ ಇನ್ನೊಂದ ಮೆಟ್ಟಲಾ ಏರಿತು. ಆಮ್ಯಾಲ...

"ಕೆಳಗ ನೀರಾಗ ಉಳದಾವ್ರನ್ನೂ ಕರೀಲ್ಯಾ?"

ಮಲ್ಲೇಶ ಎದ್ದೂ ಬಿದ್ದೂ ಓಡಿದ.

ಮುಂದಿನ ತಪಾಸಣಿಗೆ ಅಂವ ಫೋನ್ ಮಾಡಲಿಲ್ಲ. ಪೇಪರದಾವ್ರು ಜೋಡಿ ಇದ್ರು, ಸಾಹೇಬಗ ಮುಚ್ಚಾಕ ಆಗಲಿಲ್ಲ. ಸಿಕ್ಕ ಮಕ್ಕಳನ್ನೆಲ್ಲಾ ಸಾಲಿಗೆ ಒಯ್ದ್ರು. ಮಲ್ಲೇಶನ ನೌಕರಿ ಹೋತು. ಹೋಗಲಿ ಬಿಡ್ರಿ ಅಂದ.

ಆದ್ರ ಅವತ್ತ ರಾತ್ರಿ... ಹಸಿ ಇಟ್ಟಂಗಿ ಒಣಗಬೇಕಂದ್ರ ಹೊರಳಸಬೇಕಾಗತೈತಿ. ದೊಡ್ಡಾವ್ರು ಕಾಲಿಟ್ರ ಒಡೀತಾವು. ಅದಕ್ಕ ಹಗೂರ ಮೈಯಿನ ಮಕ್ಕಳು ಬೇಕು ಆ ಹಲ್ಕಟ್ ಮಂದಿಗೆ. ಅವತ್ತ ಭಟ್ಟಿಯಾಗ ಒಂದ ಕೂಸೂ ಇರಲಿಲ್ಲ. ಬೆಳಗಾಗೂದ್ರಾಗ ಅಷ್ಟೂ ಇಟ್ಟಂಗಿ ಹೊರಳಿದ್ದುವು, ಒಂದರ ಮೂಲಿನೂ ಮುರದಿರಲಿಲ್ಲ. ಮಾಲಕ ನೋಡಿ ಕೂಲಿ ಉಳೀತು ಅಂತ ನಕ್ಕ.

ಸತ್ತೆವ್ವ ಈಗ ದಿನಾ ಸಂಜಿಕ ಅಲ್ಲಿ ಹೋಗಿ ನಿಂದರತಾಳ. "ಸಾಕ ಮಗಾ, ಮಲಕೋ ಹೋಗು," ಅಂತಾಳ. ಮುಂಜಾನೆ ನೋಡಿದ್ರ ಇಟ್ಟಂಗಿ ಹೊರಳಿರತಾವು. ಖರೆ ಐತ್ರಿ, ನಾನ ಕಣ್ಣಾರೆ ನೋಡೇನಿ.