ಗೊಟ್ಟ ಹಿಡಿದ ಕೈ

…ಅಳೋದಾದ್ರೆ ಅತ್ಲಾಗೆ ತಿರುಗ್ಕೊಂಡು ಅಳು ಜಲಜಾ, ನನ್ನ ಮುಂದೆ ಬೇಡ. ಆಸ್ಪತ್ರೆ ವರಾಂಡದಲ್ಲಿ ಕೂತು ಮೂಗು ಸೊರಗುಟ್ಟಿಸಿದ್ರೆ ಒಳಗೆ ಮಲಗಿರೋ ನಿನ್ನ ಗಂಡ ಎದ್ದು ಬರ್ತಾನಾ? ಗಂಡ ಅಂತೆ. ನಿನಗೆ ಗಂಡ ಆಗೋಕೆ ಮುಂಚೆ ಅವನು ನನ್ನ ತಮ್ಮ ಕಣೇ. ವೆಂಕಟಸ್ವಾಮೀನ ಸೊಂಟದ ಮೇಲೆ ಹೊತ್ತು ಬೆಳೆಸಿದೋಳು ಈ ಮುನಿತಾಯಮ್ಮ. ನೀನು ನೆನ್ನೆ ಮೊನ್ನೆ ಬಂದೋಳು.

ಏನು? ಡಾಕ್ಟರು ಅಂದಿದ್ದು ನನಗೂ ಕೇಳಿಸ್ತು, ನಾನೇನು ಕಿವುಡೀನಾ? ಗಂಜಿ ಹೊಟ್ಟೆಗೆ ಹೋಗೋ ಬದಲು ಶ್ವಾಸಕೋಶಕ್ಕೆ ಹೋಗಿದೆ, ಅಲ್ಲಿ ನಂಜಾಗಿದೆ, ಅದಕ್ಕೇ ಜ್ವರ, ಅದಕ್ಕೇ ಆ ಗೊರಗೊರ ಉಸಿರು. ಆಗದೆ ಇನ್ನೇನಾಗುತ್ತೆ? ಲಕ್ವ ಹೊಡೆದು, ಎಂಜಲು ನುಂಗೋಕೂ ಆಗದೆ ಮಲಗಿರೋ ಗಂಡಸು ಅವನು. ಬೆನ್ನಿಗೆ ದಿಂಬಿನ ಮೇಲೆ ದಿಂಬು ಒಟ್ಟಿ, ಹಸೆಮಣೆ ಮೇಲೆ ಮದುವೆ ಗಂಡನ್ನ ಕೂರಿಸೋ ಹಾಗೆ ಕೂರಿಸಿ, ಮೂಗಿಂದ ಹೊಟ್ಟೆಗೆ ಇಳಿಸಿರೋ ಟ್ಯೂಬಿಗೆ ತೊಟ್ಟು ತೊಟ್ಟು ಬಿಡ್ತೀಯಲ್ಲ ನೀನು. ಆಮೇಲೂ ಮಲಗಿಸೋ ಹಾಗಿಲ್ಲ. ಮಲಗಿಸಿದ್ರೆ ಗಂಜಿ ಮೇಲಕ್ಕೆ ಬರುತ್ತಂತೆ. ಉಂಡಮೇಲೆ ಒಂದು ಗಳಿಗೆ ಒರಗೋದು ಮನುಷ್ಯ ಜಾತಿ ಗುಣ ಕಣೇ. ನಿನ್ನ ತೌರಲ್ಲಿ, ಆ ರಾಜಾಜಿನಗರದ ಮೇಷ್ಟ್ರ ಮನೇಲಿ, ಉಂಡು ಪರೇಡ್ ಮಾಡ್ತಾರೋ ಏನೋ!

ಮತ್ತೆ ಆ ಗಂಜಿ. ಅದನ್ನ ಗಂಜಿ ಅಂತಾರಾ? ರಾಗಿಹಿಟ್ಟನ್ನ ಬಟ್ಟೇಲಿ ಸೋಸಿ ಸೋಸಿ, ಪಾತ್ರೆ ತೊಳೆದ ನೀರು ಮಾಡಿ ಇಡ್ತೀಯ. ಗಟ್ಟಿ ಇದ್ರೆ ಟ್ಯೂಬು ಕಟ್ಕೊಳುತ್ತೆ ಅಂತ ನರ್ಸಮ್ಮ ಹೇಳಿದ್ಲಂತೆ. ಗಂಜಿ ಆದಮೇಲೆ ಬಿಸಿನೀರು ಬಿಟ್ಟು ಟ್ಯೂಬು ತೊಳೀಬೇಕಂತೆ. ಮುದ್ದೆ ಮುರಿದು ಬೆಳೆದ ಮೈ ಅದು. ಅದಕ್ಕೆ ಕಲಗಚ್ಚು ಕುಡಿಸಿದ್ರೆ ಎಲ್ಲಿ ತ್ರಾಣ ಬರುತ್ತೆ?

ಅದೂ ಹೋಗ್ಲಿ. ಹಾಕೋ ಮುಂಚೆ ಪ್ರತಿ ಸಲ ಸಿರಿಂಜಿಂದ ಎಳೆದು ನೋಡೋದು, ಬಾವಿಗೆ ಬಿಂದಿಗೆ ಬಿಟ್ಟ ಹಾಗೆ. ಹೊಟ್ಟೆಯ ಹುಳಿನೀರು ಬಂದ್ರೆ ಟ್ಯೂಬು ಸರಿಯಾದ ಜಾಗದಲ್ಲಿದೆ, ಬರದಿದ್ರೆ ಒಂದು ತೊಟ್ಟೂ ಹಾಕಬಾರ್ದು. ಅಬ್ಬಬ್ಬಾ, ಏನು ಉಪದೇಶ! ನೀನು ಅದನ್ನ ನನಗೆ ಹೇಳ್ಕೊಡೋಕೆ ಬಂದ್ಯಲ್ಲ, ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಅತ್ತಿಗುಪ್ಪೇಲಿ ಲೇಔಟು ಮಾಡ್ತೀವಿ ಅಂತ ಸರ್ಕಾರದೋರು ನಮ್ಮ ಹೊಲ ತಗೊಳ್ಳೋಕೆ ಮುಂಚೆ ಕೊಟ್ಟಿಗೆ ತುಂಬ ದನ ಇದ್ವು. ಮೇವು ಮುಟ್ಟದ ದನಕ್ಕೆ ಬಿದಿರಿನ ಗೊಟ್ಟದಲ್ಲಿ ಗಂಜಿ ತುಂಬಿ, ದವಡೆಗೆ ಇಟ್ಟು ಎತ್ತಿದ್ರೆ ಗಟಗಟ ಇಳೀತಿತ್ತು. ಅಪ್ಪ ಮೂತಿ ಹಿಡಿದುಕೊಳ್ಳೋನು, ಗೊಟ್ಟ ನಂದು. ಗೊಟ್ಟ ಹಿಡಿದ ಕೈ ಇದು, ನೋಡು. ಈ ಕೈಗೆ ನಿನ್ನ ಸಿರಿಂಜು ಬೇಕಾ?

ಯಾಕೆ ಮುಖ ಸಿಂಡರಿಸ್ತೀಯ? ನಿನ್ನ ಗಂಡನ್ನ ದನ ಅಂದೆ ಅಂತಾನಾ? ಹೊಟ್ಟೆ ಎಲ್ಲರಿಗೂ ಒಂದೇ ಕಣೇ ತಾಯಿ.

ಹೌದು, ನೆನ್ನೆ ಮಧ್ಯಾಹ್ನ ಮನೇಲಿ ಗಂಜಿ ಹಾಕಿದ್ದು ನಾನೇ. ಇಲ್ಲ ಅಂದ್ನಾ? ಡಾಕ್ಟರ ಮುಂದೆನೂ ಅದನ್ನೇ ಹೇಳಿದೀನಿ. ನೀನು ಸೀಮೆಎಣ್ಣೆ ಕ್ಯೂ ಅಂತ ಹೋದೋಳು ಹೊತ್ತು ಇಳಿದ್ರೂ ಬರ್ಲಿಲ್ಲ. ಅವನು ಹಸ್ಕೊಂಡು ಮಲಗಿರ್ಬೇಕಿತ್ತಾ? ಹ್ಞೂ, ಹೋಗು ಅಂದಿದ್ದು ನಾನೇ, ಅದಕ್ಕೇನೀಗ? ಸೀಮೆಎಣ್ಣೆ ಇಲ್ದೆ ನಿನ್ನ ಕಲಗಚ್ಚೂ ಕಾಯಲ್ಲ. ನಾನು ಹಾಕಿದ್ದು ಒಂದು ಹೊತ್ತು. ನೀನು ಇಷ್ಟು ದಿನದಿಂದ ಹಾಕ್ತಿದ್ದೀಯ. ಯಾರ ಗಂಜಿ ಎದೆಗೆ ಹೋಯ್ತು ಅಂತ ಗಂಜಿ ಮೇಲೆ ಹೆಸರು ಬರ್ದಿರುತ್ತಾ? ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ.

ಇರು, ಕಣ್ಣೊರೆಸ್ಕೋ, ಸಿಸ್ಟರ್ ಬಂದ್ಲು. ಏನಮ್ಮಾ?… ಟ್ಯೂಬು ಮಧ್ಯದಲ್ಲಿ ಯಾವಾಗಾದ್ರೂ ಹೊರಗೆ ಬಂದಿತ್ತಾ ಅಂತಾನಾ? ಅದನ್ನ ಇವಳ್ನ ಕೇಳಿ, ದಿನಾ ನೋಡ್ಕೊಳ್ಳೋಳು ಇವಳೇ. ಹೇಳೇ ಜಲಜಾ… ನೋಡಿದ್ರಲ್ಲಮ್ಮಾ? ತಲೆ ಅಲ್ಲಾಡಿಸಿದ್ಲಲ್ಲ. ಬಂದಿಲ್ಲ. ಹ್ಞಾಂ, ಹಾಗಾದ್ರೆ ಅದೇ ಟ್ಯೂಬಲ್ಲಿ ಹಾಲು, ಮಾತ್ರೆ ಎಲ್ಲ ಕೊಡಿ. ಬಿಸಿ ಮಾಡ್ಕೊಂಡು ಬರ್ತೀರಾ? ಆಗ್ಲಿ, ಬನ್ನಿ.

ನೋಡಿದ್ಯಾ ಅವಳ ಠೀವಿ? ತಲೆ ಮೇಲೆ ಬಿಳಿ ಟೋಪಿ ಇಟ್ಬಿಟ್ರೆ ದೊಡ್ಡ ಡಾಕ್ಟರು ತಾನೇ ಅನ್ನೋ ಹಾಗೆ. ಕೇಳಿದ್ದನ್ನೇ ಕೇಳೋದು, ಬಂದಿತ್ತಾ, ಜಾರಿತ್ತಾ, ಕೆಮ್ಮಿದ್ರಾ, ತುಟಿ ನೀಲಿಯಾಗಿತ್ತಾ… ಪೊಲೀಸ್ ಸ್ಟೇಷನ್ನಾ ಇದು?

ನೀನು ಮತ್ತೆ ಶುರು ಮಾಡ್ಬೇಡ. ಅವನಿಗೇನೂ ಆಗಲ್ಲ. ಆಗಕೂಡ್ದು. ಅವನಿಲ್ದಿದ್ರೆ ನನ್ನ ಗತಿಯೇನು, ಗಂಡ ಸತ್ತೋಳು ನಾನು, ಅವನ ಮನೆ ನೆರಳಲ್ಲಿದೀನಿ. ಒಂದು ಒಳ್ಳೆ ಮಾತು ಹೇಳ್ತೀನಿ ಕೇಳು, ನಿನಗೂ ಸಮಾಧಾನ ಆಗ್ಲಿ. ನನ್ನ ಮಗಳು ಪಂಕಜಾಗೆ ಗಂಡು ಗೊತ್ತಾಯ್ತು. ನಾಯಂಡಹಳ್ಳಿ ಬೈರಯ್ಯನ ಮಗ, ಸ್ವಂತ ವರ್ಕ್‌ಶಾಪು. ನೆನ್ನೆ ಮಧ್ಯಾಹ್ನ ಬಂದಿದ್ರು, ಬೈರಯ್ಯನೂ ಅವನ ಹೆಂಡ್ತಿ ಕಲ್ಯಾಣಮ್ಮನೂ. ನಿನಗೆ ಹೇಳಿರ್ಲಿಲ್ಲ, ಯಾಕೆ ಅಂತ ಕೇಳ್ಬೇಡ. ನೀನಿದ್ದಿದ್ರೆ ಕಾಯಿಲೆ ಪುರಾಣ ಪೂರ್ತಿ ಬಿಚ್ತಿದ್ದೆ. ನಾನು ಸ್ವಲ್ಪ ಜ್ವರ, ಮಾತ್ರೆ ತಗೊಂಡು ಮಲಗಿದಾನೆ ಅಂದಿದ್ದೆ. ಲಕ್ವ ಅಂತ ತಿಳಿದ್ರೆ, ಇವರ ರಕ್ತದಲ್ಲೇ ಇದೆ ಅಂತ ಎದ್ದು ಹೋಗ್ತಿದ್ರು.

ಆದ್ರೂ ಆ ಕಲ್ಯಾಣಮ್ಮ ಬಿಡ್ಬೇಕಲ್ಲ. ತಂದೆ ಇಲ್ಲದ ಹುಡುಗಿ, ಸೋದರಮಾವನ ಮುಖ ನೋಡ್ದೆ ತಾಂಬೂಲ ಹೆಂಗೆ ತಗೊಳ್ಳೋದು ಅಂದ್ಲು. ಸೀದಾ ಕೋಣೆಗೇ ಬಂದ್ಲು. ಮಂಚದ ಹತ್ರ ನಿಂತು ನೋಡಿದ್ಲು. ಏನಂದ್ಲು ಗೊತ್ತಾ? ‘ನಿಮ್ಮ ತಮ್ಮನ ಮುಖದಲ್ಲಿ ಎಂಥ ಕಳೆ ಕಣಮ್ಮಾ, ಕಾಯಿಲೆ ಅಂತ ಯಾರೂ ಹೇಳಲ್ಲ, ಉಂಡು ಮಲಗಿರೋ ಹಾಗಿದಾರೆ’ ಅಂದ್ಲು. ಆ ಕ್ಷಣಕ್ಕೇ ಒಪ್ಕೊಂಡ್ರು. ನಮ್ಮ ಮನೆಗೆ ಎಷ್ಟು ದಿನ ಆಗಿತ್ತೇ ಒಂದು ಒಳ್ಳೆ ಮಾತು ಕೇಳಿ…

ಯಾಕೆ ನನ್ನ ಕಡೆ ತಿರುಗಿದೆ?

ಅಳ್ತಿದ್ದೋಳು ಅಳೋದೂ ನಿಲ್ಲಿಸಿಬಿಟ್ಟೆ. ಪಂಕಜಾಗೆ ಒಳ್ಳೇದಾದ್ರೆ ನಿನಗೆ ಹೊಟ್ಟೆಕಿಚ್ಚಾ?

ಏನು ಹಂಗೆ ನೋಡ್ತೀಯ… ಟ್ಯೂಬಾ? ಟ್ಯೂಬು ಅವರಿಗೆ ಕಾಣಿಸ್ಲಿಲ್ಲ. ಶಾಲು ಹೊದಿಸಿದ್ದೆ. ಮೂಗಿನವರೆಗೂ ಎಳೆದಿದ್ದೆ. ಮುಖ ನೋಡಿದ್ಲು ಅಂದ್ನಾ? ಅಂದೆ, ಅಂದೆ. ಕೋಣೇಲಿ ಮಬ್ಬು, ಕಿಟಕಿ ಹಾಕಿತ್ತು. ಆ ಹೆಂಗಸಿಗೆ ಕಣ್ಣೂ ಅಷ್ಟಕ್ಕಷ್ಟೇ.

ಮಾತಾಡೇ. ಬೈಯಿ ಬೇಕಾದ್ರೆ. ಯಾವತ್ತೂ ನನಗೆ ಎದುರು ಮಾತಾಡ್ದೋಳಲ್ಲ, ಇವತ್ತು ಆಡು.

ಪಕ್ಕದ ಮನೆ ಅಣ್ಣಮ್ಮ ಏನಂದ್ಲು ಅಂತ ನಿನಗೆ ಗೊತ್ತಾ? ‘ಗೂಳಿ ಹಂಗೆ ತಿರುಗ್ತಿದ್ದ ನಿನ್ನ ತಮ್ಮಂಗೆ ಕೊನೆಗೂ ಮೂಗುದಾರ ಹಾಕಿದ್ರಲ್ಲ’ ಅಂದ್ಲು. ನಲ್ಲಿ ಹತ್ರ, ಎಲ್ಲರ ಮುಂದೆ. ನಕ್ರು. ಅರ್ಧ ಬಿಂದಿಗೆ ನೀರಿಗೇ ಎತ್ಕೊಂಡು ಬಂದೆ. ಬಿನ್ನಿಪೇಟೆ ಮಿಲ್ಲಲ್ಲಿ ಅವನು ಬಂದ ಅಂದ್ರೆ ಆಳುಗಳು ಬೀಡಿ ಎಸೀತಿದ್ರು ಕಣೇ. ಬೀಗರ ಮುಂದೆ ಮೂಗುದಾರ ಹಾಕ್ಕೊಂಡು ಮಲಗಿರ್ಬೇಕಿತ್ತಾ ಅವನು?

ಒಂದು ಗಳಿಗೆ. ಅವರು ಬಂದು ಹೋಗೋವರೆಗೆ ಅಷ್ಟೆ. ಮೂಗಿನ ಪ್ಲಾಸ್ಟರು ಬಿಡಿಸಿ ಟ್ಯೂಬು ಮೆತ್ತಗೆ ಎಳೆದೆ, ಬಂತು. ಅವರು ಅತ್ಲಾಗೆ ಹೋದಮೇಲೆ ಚೆನ್ನಾಗಿ ತೊಳೆದು, ಎಣ್ಣೆ ಸವರಿ ಇಟ್ಟೆ. ಎಷ್ಟು ಒಳಗೆ ಹೋಗಿತ್ತೋ ಅಷ್ಟೇ ತಳ್ದೆ. ಕೆಮ್ಮಿದ. ಕಣ್ಣಲ್ಲಿ ನೀರು ಸುರೀತು. ದನನೂ ಕೆಮ್ಮುತ್ತೆ ಅಂದ್ಕೊಂಡೆ. ಆಮೇಲೆ ಕೆಮ್ಮೋಕೆ ತ್ರಾಣ ಇಲ್ದೆ ಸುಮ್ಮನಾದ. ಸುಮ್ಮನಾದ್ನಲ್ಲ, ಸರಿ ಹೋಯ್ತು ಅಂತ ಗಂಜಿ ಬಿಟ್ಟೆ. ಸಿರಿಂಜಿಂದ ಎಳೆದು ನೋಡ್ಲಿಲ್ಲ. ಇಲ್ಲ, ನೋಡ್ಲಿಲ್ಲ. ನನ್ನ ಕಡೇನೇ ನೋಡ್ತಿದ್ದ ಕಣೇ ಅವನು, ಗಂಜಿ ಮುಗಿಯೋವರೆಗೂ…

ಯಾಕೆ ಎದ್ದೆ? ಎಲ್ಲಿಗೆ? ಡಾಕ್ಟರಿಗೆ ಹೇಳ್ತೀಯಾ? ಹೇಳಿ ಏನು ಮಾಡ್ತೀಯ, ಆಗಿದ್ದು ಆಯ್ತು, ಪಂಕಜಾ ಮದುವೆ ಆದ್ರೂ…

ಹಾಲು.

ನಾನು ಎದೆಗೆ ತಳ್ಳಿದ ಅದೇ ಟ್ಯೂಬಿಗೇ ಹಾಕ್ತಾಳಲ್ಲ ಆ ಸಿಸ್ಟರ್. ಬಿಸಿ ಮಾಡೋಕೆ ಹೋದ್ಲು. ಕೊಡಿ ಅಂದೆ. ಕೊಡಿ ಅಂತ ನಾನೇ ಅಂದೆ.

ಜಲಜಾ, ಮೆಲ್ಲಗೆ, ನೆಲ ಒರೆಸಿದಾರೆ, ಜಾರ್ತೀಯ… ಬೇಡ, ಮೆಲ್ಲಗೆ ಬೇಡ. ಓಡು. ಹಾಲು ಬಿಡಬೇಡಿ ಅನ್ನು. ಬಾಗಿಲಿಂದಲೇ ಕೂಗು. ಯಾರು ಕಿತ್ತಿದ್ದು ಅಂತ ಆಮೇಲೆ ಕೇಳ್ತಾರೆ. ಕೇಳಿದಾಗ ನನ್ನ ಹೆಸರು ಹೇಳು.