ಗುರಿಗಳಿರುವ ಹುಡುಗ

ಆಕರ್ಷ ತನ್ನ ಮಸಾಲೆದೋಸೆಯನ್ನು ಸುಪ್ರಜಾಳ ಕಡೆ ತಳ್ಳಿದ. ಮಲ್ಲೇಶ್ವರದ ಆ ಹೋಟೆಲಿನಲ್ಲಿ ಬೇರೆಲ್ಲೂ ಜಾಗ ಸಿಗದೆ ಅದೇ ಮೇಜಿಗೆ ಕೂತಿದ್ದ ಶೈಲಜಮ್ಮ, ಕಾಫಿ ಆರಿಸುತ್ತಾ ಕಿವಿಯನ್ನು ಅತ್ತ ಕೊಟ್ಟರು.

"ನೀನೇ ತಿನ್ನು. ನಾನು ಎಣ್ಣೆ, ಸಕ್ಕರೆ ಎಲ್ಲಾ ಬಿಟ್ಟೆ."

"ನನ್ನನ್ನೂ ಬಿಟ್ಟೆ ಅಂತ ನಿನ್ನೆ ಮೆಸೇಜ್ ಹಾಕಿದ್ಯಲ್ಲ. ನನ್ನನ್ನ ಯಾವುದಕ್ಕೆ ಸೇರಿಸ್ದೆ, ಎಣ್ಣೆಗಾ, ಸಕ್ಕರೆಗಾ?"

"ಹಾಗಲ್ಲ ಸುಪ್ರಜಾ. ಒಂದು ವರ್ಷ ನಾನು ಉದ್ಧಾರ ಆಗ್ಬೇಕು. ಐದಕ್ಕೆ ಏಳೋದು, ಓಡೋದು, ಧ್ಯಾನ. ಪ್ರೀತಿ ಇದ್ರೆ ಗಮನ ಚದುರುತ್ತೆ ಅಂತಾರೆ ನಮ್ಮ ಕೋಚ್."

"ಮನೇಲಿ ನಿಶ್ಚಿತಾರ್ಥಕ್ಕೆ ದಿನ ನೋಡ್ತಿದಾರೆ. ಅವ್ರಿಗೂ ನಿನ್ನ ಕೋಚೇ ಹೇಳ್ತಾರಾ?"

"ನೀನೇ ಹೇಳ್ಬಿಡು. ನೀನು ಹೇಳಿದ್ರೆ ನಮ್ಮಮ್ಮ ಒಪ್ಕೋತಾರೆ."

ಶೈಲಜಮ್ಮ ಹುಳುಕು ಬದನೆಕಾಯಿ ನೋಡುವ ಹಾಗೆ ಹುಡುಗನನ್ನೊಮ್ಮೆ ನೋಡಿದರು.

"ಐದಕ್ಕೆ ಏಳ್ತಿದೀಯಾ?" ಸುಪ್ರಜಾ ಕೇಳಿದಳು.

"ಇನ್ನೂ ಇಲ್ಲ. ಅಲಾರಂ ಆಫ್ ಮಾಡಿ ಮಲಗ್ಬಿಡ್ತೀನಿ. ಅಮ್ಮ ಎಬ್ಬಿಸಿದ್ರೆ ಕೋಪ ಬರುತ್ತೆ. ಅದಕ್ಕೇ ಒಂದು ಯೋಚ್ನೆ ಮಾಡಿದೀನಿ. ಮದುವೆ ಗಿದುವೆ ಬೇಡ, ದಿನಾ ಬೆಳಿಗ್ಗೆ ಫೋನ್ ಮಾಡಿ ನೀನೇ ಎಬ್ಬಿಸು. ಆ ಜಾಗ ಬೇರೆ ಯಾರಿಗೂ ಕೊಡಲ್ಲ ನಾನು. ಆಗುತ್ತಲ್ಲ?"

ಸುಪ್ರಜಾ ಬ್ಯಾಗು ಹೆಗಲಿಗೇರಿಸಿ ಎದ್ದಳು.

"ಆಗಲ್ಲ."