ದನಿ ಕೇಳದೆ ಕರೆಂಟ್ ಬಿಡಲ್ಲ

ಹಲೋ… ಹಲೋ, ಯಾರು ಮಾತಾಡ್ತಿರೋದು? ಇದು ಅಣ್ಣನ ಫೋನ್ ಅಲ್ವಾ?

…

ಹಾಂ, ಅತ್ತಿಗೆ! ನೀವಾ? ನಾನು, ಕಂಟ್ರೋಲ್ ರೂಮಿಂದ. ಹಾಂ ಹಾಂ, ನೀವು ಕರೆಂಟ್ ಕಳ್ಳ ಅಂತ ಕರೀತೀರಲ್ಲ, ಅವನೇ. ಅಣ್ಣಂಗೆ ಕೊಡಿ ಫೋನು, ಅರ್ಜೆಂಟು.

…

ಇಲ್ವಾ? ಊಟಕ್ಕೆ ಬಂದು ಫೋನ್ ಮರೆತು ಹೋದ್ನಾ? ಅಲ್ಲ, ಲೈನ್‌ಮನ್ ಅನ್ನಿಸಿಕೊಂಡವನು ಫೋನ್ ಮರೆಯೋದಾ! ಹುಟ್ಟುಗುಣ ಸುಟ್ಟರೂ ಹೋಗಲ್ಲ ಬಿಡಿ.

…

ತಡೀರಿ. ತಡೀರಿ ಅತ್ತಿಗೆ. ಅಣ್ಣ ಮನೇಲಿಲ್ಲ ಅಂದ್ಮೇಲೆ, ಆ ಫೋನಲ್ಲಿ 'ಕೆಲಸ ಮುಗೀತು' ಅಂತ ಹಸಿರು ಗುಂಡಿ ಒತ್ತಿದ್ಯಾರು? ಈಗಷ್ಟೇ ಬಂತು ನನ್ನ ಪರದೆ ಮೇಲೆ.

…

ನೀವಾ? ಯಾಕೆ ಒತ್ತಿದ್ರಿ?

…

ಪೀಂ ಪೀಂ ಅಂತ ಬಡ್ಕೊಳ್ತಿತ್ತು, ಮಗು ಏಳುತ್ತೆ ಅಂತ… ಅಯ್ಯೋ ದೇವರೇ. ಇಲ್ಲ, ಬೈತಿಲ್ಲ, ನಿಮಗೇನು ಗೊತ್ತು ಪಾಪ. ಅದು ಅಲಾರಂ ಅಲ್ಲ ಅತ್ತಿಗೆ. ಕಂಬದಿಂದ ಇಳಿದ್ಯಾ, ಕರೆಂಟ್ ಬಿಡ್ಲಾ ಅಂತ ನಮ್ಮ ಹೊಸ ಯಂತ್ರ ಕೇಳೋದು. ನೀವು ಹೂಂ ಅಂದುಬಿಟ್ರಿ.

…

ಅಳಬೇಡಿ. ಬಿಟ್ಟಿಲ್ಲ ಇನ್ನೂ! ತಡೆಯೋ ಗುಂಡಿ ಮೇಲೆ ಬೆರಳಿಟ್ಕೊಂಡೇ ಕೂತಿದ್ದೀನಿ. ಹಳೇ ಚಟ ನಂದು, ಅಣ್ಣನ ದನಿ ಕಿವಿಯಾರೆ ಕೇಳದೆ ಕರೆಂಟ್ ಬಿಡಲ್ಲ. ಅದಕ್ಕೇ ಫೋನ್ ಮಾಡಿದ್ದು. ಬೆರಳು ಎತ್ತಿದ್ರೆ ಮಾತ್ರ ಈ ಯಂತ್ರ ಯಾರ ಮಾತೂ ಕೇಳಲ್ಲ, ತಾನೇ ಬಿಟ್ಟುಬಿಡುತ್ತೆ.

…

ಸಾರ್, ಒಂದೇ ನಿಮಿಷ ಸಾರ್!… ನಿಮಗಲ್ಲ ಅತ್ತಿಗೆ. ಹಿಂದೆ ಸಾಹೇಬ್ರು ನಿಂತಿದ್ದಾರೆ. ವಿದ್ಯುತ್ ಆಯೋಗದವರನ್ನೂ ಇವತ್ತೇ ಕರ್ಕೊಂಡು ಬಂದಿದ್ದಾರೆ. ಹೊಸ ಯಂತ್ರ ಹಾಕಿ ಬೇಗ ಕರೆಂಟ್ ಕೊಟ್ಟ ಕಂಪನಿಗೆ ಬಹುಮಾನ, ತಡವಾದ್ರೆ ದಂಡ ಅಂತ ನಿಯಮ ಮಾಡಿದ್ರಲ್ಲ, ಅವರೇ. ನಿಯಮ ಕೆಟ್ಟದ್ದು ಅಂತ ನಾನು ಹೇಳಲ್ಲ. ಮೊದಲೆಲ್ಲ ಜೋರು ಗಾಳಿ ಬೀಸಿದ್ರೆ ಎರಡು ದಿನ ಕತ್ತಲೆ, ನೀವೇ ನನಗೆ ಶಾಪ ಹಾಕ್ತಿದ್ರಿ ಅಲ್ವಾ? ಈಗ ಯಂತ್ರದ ಚುರುಕು ತೋರಿಸೋಣ ಅಂತ ಕರ್ಕೊಂಡು ಬಂದ್ರೆ, ನಾನು ಅಡ್ಡ ಹಿಡ್ಕೊಂಡು ಕೂತಿದ್ದೀನಿ. ಸಾಹೇಬ್ರ ಮುಖ ಇಂಗು ತಿಂದ ಮಂಗನ ಹಾಗಾಗಿದೆ.

…

ಕಂಬ ಎಲ್ಲಿ? ಹಿಂದಿನ ಬೀದೀಲೇನಾ? ಹಾಗಾದ್ರೆ ಓಡಿ, ನೀವೇ ಓಡಿ, ಇಳಿ ಅಂತ ಕೂಗಿ. ಮಗು ಎದ್ರೆ ಏಳಲಿ ಅತ್ತಿಗೆ! ಫೋನ್ ಇಡಬೇಡಿ, ಕೈಯಲ್ಲೇ ಇರಲಿ.

…

ದಂಡ ಹಾಕಲಿ ಸಾರ್! ನನ್ನ ಸಂಬಳದಲ್ಲಿ ಮುರ್ಕೊಳ್ಳಿ! ಕೆಲಸ ಹೋದ್ರೆ ಹೋಗಲಿ, ಈ ಬೆರಳು ಮಾತ್ರ ತೆಗೆಯಲ್ಲ!

…

ಹಲೋ? ಅತ್ತಿಗೆ, ಏನಾಯ್ತು? ಯಾರು ಬಂದ್ರು?… ಬಾಗಿಲಲ್ಲೇ ಸಿಕ್ಕಿದ್ನಾ? ಕೊಡಿ, ಕೊಡಿ ಅವನಿಗೆ!

…

ಅಣ್ಣಾ! ನೀನೇನಾ? ಇನ್ನೊಂದ್ಸಲ ಮಾತಾಡು, ಏನಾದ್ರೂ ಮಾತಾಡು… ಹೋದ ಜೀವ ಬಂತು ಕಣಣ್ಣ. ಫೋನ್ ತಗೊಂಡು ಹೋಗೋಣ ಅಂತ ಬಂದ್ಯಾ? ಸದ್ಯ!

…

ಕೆಲಸ ಮುಗೀತಾ? ಜೀವದ ಕಾವಲಿಗೆ ಕಟ್ಟಿದ್ದ ಅರ್ತ್ ತಂತೀನೂ ಬಿಚ್ಚಾಯ್ತಾ? ಸಾಕು, ಅಷ್ಟು ಸಾಕು. ನಿನ್ನ ದನಿ ಕೇಳಿದ್ನಲ್ಲ. ಸಾರ್, ಎತ್ತಿದೆ ಸಾರ್ ಬೆರಳು! ನೋಡಲಿ ನಿಮ್ಮ ಅತಿಥಿಗಳು ಕಣ್ತುಂಬ!… ಅಣ್ಣಾ, ಅತ್ತಿಗೆಗೆ ಒಂದು ಮಾತೂ ಅನ್ನಬೇಡ. ಸಂಜೆ ಸಿಗು, ಉಗಿಯೋದನ್ನೆಲ್ಲ ನಿನಗೇ ಉಗೀತೀನಿ.

…

ಏನಂದೆ?

…

ಯಾರು ಹತ್ತಿದ್ದಾನೆ? ನಿನ್ನ ಭಾವಮೈದುನನಾ? ಅವನು ರಜೆ ಅಲ್ವಾ ಇವತ್ತು? ಪರದೆ ಮೇಲೆ ನೀನೊಬ್ಬನೇ ಇದ್ದೀಯಲ್ಲೋ!

…

ಸುಮ್ನೆ ಮನೇಲಿರೋಕಾಗ್ದೆ ಜೊತೆಗೆ ಬಂದ್ನಾ… ಬೋಲ್ಟು ಸಡಿಲ ಇದೆ ಅಂತ ಮತ್ತೆ ಹತ್ತಿದನಾ? ಅಣ್ಣಾ, ನೀನು ಈ ಕಡೆ ಬರುವಾಗ ಇಳೀತಿದ್ನಾ, ಹತ್ತುತ್ತಿದ್ನಾ? ಸರಿಯಾಗಿ ಹೇಳು!

…

ಒತ್ತಿದೆ, ಮತ್ತೆ ಒತ್ತಿದೆ, ಒಂದ್ಸಲ ಬಿಟ್ಟ ಮೇಲೆ ಈ ಗುಂಡಿ ಕೇಳಲ್ಲ. ಸಾರ್, ಲೈನ್ ಕಡಿಸಿ ಸಾರ್! ಮೇಲೆ ಮನುಷ್ಯ ಇದ್ದಾನೆ! ಚಪ್ಪಾಳೆ ಯಾಕೆ ಹೊಡೀತಿದ್ದಾರೆ, ನಿಲ್ಲಿಸೋಕೆ ಹೇಳಿ!… ಅಣ್ಣಾ? ಅಣ್ಣಾ, ಇದ್ದೀಯಾ?

…

ಅತ್ತಿಗೆ… ನೀವಾ. ಅಣ್ಣ ಫೋನ್ ಎಸೆದು ಓಡಿದ್ನಾ?… ಹಾಂ… ನೀವು ಒಳಗೆ ಮಗು ಎತ್ಕೊಳ್ಳೋಕೆ ಹೋಗಿದ್ರಾ.

…

ಫ್ಯಾನ್ ತಿರುಗ್ತಿದೆಯಾ.

…

ನನ್ನ ಹೊಟ್ಟೆ ತಣ್ಣಗಿರಲಿ ಅಂತ… ಬೇಡ. ಬೇಡ ಅತ್ತಿಗೆ, ನನ್ನನ್ನ ಹರಸಬೇಡಿ. ಕೇಳಿ ಇಲ್ಲಿ, ನಿಮ್ಮ ತಮ್ಮ… ನಿಮ್ಮ ತಮ್ಮ ಅಲ್ಲಿ… ಹಲೋ? ಅತ್ತಿಗೆ? ಹಲೋ…